ತಾಯಂದಿರ ವೈದ್ಯ ಸೆಮ್ಮೆಲ್‌ವೈಸ್

ಇತಿಹಾಸದ ವಿದ್ಯಾರ್ಥಿಗಳಾದ ನಮಗೆ 1848ನೆಯ ಇಸವಿಯೆಂದರೆ ಯೂರೋಪಿನ ಕ್ರಾಂತಿಗಳ ವರ್ಷ. ಆ ವರ್ಷದ ಮಾರ್ಚ್ 13ರಂದು ವಿಯೆನ್ನಾ ನಗರದಲ್ಲಿ ಜನ ದಂಗೆಯೆದ್ದರು. ಸುಮಾರು ನಾಲ್ಕು ದಶಕಗಳ ಕಾಲ ಆಸ್ಟ್ರಿಯಾ ಸಾಮ್ರಾಜ್ಯವನ್ನು ತನ್ನ ಬೆರಳ ಮೇಲೆ ಕುಣಿಸಿದ ಮೆಟರ್ನಿಕ್ ಅಧಿಕಾರವನ್ನು ಬಿಟ್ಟು ಇಂಗ್ಲೆಂಡಿಗೆ ಓಡಿಹೋದನು. ಪರೀಕ್ಷೆಗೆ ಇಷ್ಟು ಬರೆದರೆ ಸಾಕು. ಆದರೆ ಅದೇ ನಗರದಲ್ಲಿ, ಅದೇ ತಿಂಗಳಿನಲ್ಲಿ, ಯಾವ ಬಂದೂಕಿನ ಸದ್ದೂ ಇಲ್ಲದೆ ಇನ್ನೊಂದು ಸಂಗತಿ ನಡೆಯಿತು. ವಿಯೆನ್ನಾದ ದೊಡ್ಡಾಸ್ಪತ್ರೆಯ ಒಂದನೆಯ ಹೆರಿಗೆ ವಾರ್ಡಿನಲ್ಲಿ ಆ ತಿಂಗಳು 276 ಮಂದಿ ಹೆಂಗಸರು ಹೆತ್ತರು. ಅವರಲ್ಲಿ ಒಬ್ಬಳೂ ಬಾಣಂತಿ ಜ್ವರದಿಂದ ಸಾಯಲಿಲ್ಲ. ಹಿಂದಿನ ವರ್ಷದ ಏಪ್ರಿಲ್ ತಿಂಗಳಲ್ಲಿ ಅದೇ ವಾರ್ಡಿನಲ್ಲಿ ಹೆತ್ತವರು 312 ಮಂದಿ, ಸತ್ತವರು 57 ಮಂದಿ. ಈ ಎರಡು ಲೆಕ್ಕಗಳ ನಡುವೆ ನಿಂತಿರುವ ಮನುಷ್ಯನೇ ಇಗ್ನಾಜ್ ಸೆಮ್ಮೆಲ್‌ವೈಸ್. ನಮ್ಮ ಪಠ್ಯಪುಸ್ತಕದಲ್ಲಿ ಅವನ ಹೆಸರಿಲ್ಲ. ಕಲಾ ವಿಭಾಗದ ವಿದ್ಯಾರ್ಥಿನಿಗೆ ವೈದ್ಯನ ಚರಿತ್ರೆಯೇಕೆ ಎಂದು ಸಹಪಾಠಿಗಳು ಕೇಳಬಹುದು. ಮುಂದೆ ಓದಿದರೆ ಕಾರಣ ತಿಳಿದೀತು.

ಸೆಮ್ಮೆಲ್‌ವೈಸ್ 1818ನೆಯ ಇಸವಿ ಜುಲೈ 1ರಂದು ಹಂಗೆರಿಯ ಬುಡಾ ನಗರದಲ್ಲಿ ಹುಟ್ಟಿದನು. ಡ್ಯಾನ್ಯೂಬ್ ನದಿಯ ಈ ದಡದ ಬುಡಾ, ಆ ದಡದ ಪೆಸ್ಟ್ ಎರಡೂ ಆಮೇಲೆ ಸೇರಿ ಬುಡಾಪೆಸ್ಟ್ ಆದವು. ತಂದೆ ದಿನಸಿ ವ್ಯಾಪಾರಿ, ಅನುಕೂಲಸ್ಥರೇ. ಮನೆಮಾತು ಜರ್ಮನಿನ ಒಂದು ಪ್ರಾಂತ್ಯಭಾಷೆ, ಊರಿನ ಮಾತು ಹಂಗೇರಿಯನ್. ಬರವಣಿಗೆಯೆಂದರೆ ಅವನಿಗೆ ಹುಟ್ಟಿನಿಂದಲೇ ಒಲ್ಲದ ಕೆಲಸ. ಇದು ಸಣ್ಣ ವಿಷಯವಲ್ಲ. ಮನೆಯ ಮಾತೊಂದು, ತರಗತಿಯ ಮಾತೊಂದು ಆಗಿರುವಾಗ ಬುದ್ಧಿಯಿದ್ದರೂ ಬಾಯಿ ಕಟ್ಟುವುದೆಂದರೇನೆಂದು ಹಳ್ಳಿಯಿಂದ ಬಸ್ಸು ಹತ್ತಿ ಬರುವ ನಮ್ಮಂಥವರಿಗೆ ಹೇಳಿಕೊಡಬೇಕಾಗಿಲ್ಲ. ಅವನ ಬಾಳಿನ ದುರಂತಕ್ಕೆ ಈ ದೌರ್ಬಲ್ಯವೂ ಒಂದು ಕಾರಣವಾಯಿತು.

1837ರಲ್ಲಿ ಅವನು ವಿಯೆನ್ನಾ ವಿಶ್ವವಿದ್ಯಾನಿಲಯಕ್ಕೆ ಸೇರಿದ್ದು ಕಾನೂನು ಓದುವುದಕ್ಕೆ. ಮರುವರ್ಷವೇ ಅದನ್ನು ಬಿಟ್ಟು ವೈದ್ಯಕ್ಕೆ ತಿರುಗಿದನು. 1844ರಲ್ಲಿ ವೈದ್ಯಪದವಿ ಬಂದಿತು. ಹೆಸರಾಂತ ವೈದ್ಯ ಶ್ಕೋಡನ ಬಳಿ ಕೆಲಸ ಸಿಕ್ಕಲಿಲ್ಲವಾಗಿ, ಬೇರೆಯವರು ಅಷ್ಟಾಗಿ ಬಯಸದ ಪ್ರಸೂತಿ ವಿಭಾಗವನ್ನು ಹಿಡಿದನು. 1846ರ ಜುಲೈನಲ್ಲಿ ದೊಡ್ಡಾಸ್ಪತ್ರೆಯ ಒಂದನೆಯ ಹೆರಿಗೆ ವಾರ್ಡಿನಲ್ಲಿ ಪ್ರಾಧ್ಯಾಪಕ ಯೋಹಾನ್ ಕ್ಲೈನನ ಸಹಾಯಕನಾದನು. ಆಗ ಅವನಿಗೆ 28 ವರ್ಷ.

ಆ ಆಸ್ಪತ್ರೆಯ ವಿಚಾರವನ್ನು ಸ್ವಲ್ಪ ಹೇಳಬೇಕು. ಚಕ್ರವರ್ತಿ ಎರಡನೆಯ ಜೋಸೆಫ್ 1784ರಲ್ಲಿ ಅದನ್ನು ಸ್ಥಾಪಿಸಿದನು. ಅದರ ಹೆರಿಗೆ ವಾರ್ಡುಗಳಿಗೆ ಉಳ್ಳವರು ಬರುತ್ತಿರಲಿಲ್ಲ. ಅವರ ಹೆರಿಗೆ ಮನೆಯಲ್ಲೇ ಆಗುತ್ತಿತ್ತು. ಬರುತ್ತಿದ್ದವರು ಮನೆಗೆಲಸದವರು, ಕೂಲಿಯವರು, ಮದುವೆಯಿಲ್ಲದೆ ಬಸುರಾದವರು. ಅವರಿಗೆ ಹೆರಿಗೆ ಉಚಿತ; ಹುಟ್ಟಿದ ಕೂಸನ್ನು ಅನಾಥ ಶಿಶುಗಳ ಮನೆಗೆ ಒಪ್ಪಿಸಬಹುದಾಗಿತ್ತು. ಅದಕ್ಕೆ ಪ್ರತಿಯಾಗಿ ಅವರು ತಮ್ಮ ಮೈಯನ್ನು ವಿದ್ಯಾರ್ಥಿಗಳ ಪಾಠಕ್ಕೆ ಒಪ್ಪಿಸಬೇಕಾಗಿತ್ತು. ಒಬ್ಬಳನ್ನು ಎಷ್ಟು ಜನ ಪರೀಕ್ಷಿಸಿದರೂ ಬೇಡವೆನ್ನುವ ಹಾಗಿರಲಿಲ್ಲ. ನಾಚಿಕೆಗೂ ಬಡತನಕ್ಕೂ ಸಿಕ್ಕವರು ತಾನೆ, ಎದುರು ಮಾತನಾಡುವರೆ!

ವಾರ್ಡುಗಳು ಎರಡು. 1840ರಿಂದ ಈಚೆಗೆ ಒಂದನೆಯದು ವೈದ್ಯವಿದ್ಯಾರ್ಥಿಗಳಿಗೆ, ಎರಡನೆಯದು ಸೂಲಗಿತ್ತಿಯರ ಶಿಕ್ಷಣಕ್ಕೆ ಮೀಸಲು. ಒಂದು ದಿನ ಬಂದವರು ಇಲ್ಲಿ, ಮರುದಿನ ಬಂದವರು ಅಲ್ಲಿ, ಹೀಗೆ ಸರದಿಯಂತೆ ಸೇರಿಸಿಕೊಳ್ಳುತ್ತಿದ್ದರು. ಕಟ್ಟಡ ಒಂದೇ, ಊಟ ಒಂದೇ, ಬರುವ ಹೆಂಗಸರೂ ಒಂದೇ ತರಗತಿಯವರು. ಆದರೆ 1846ರಲ್ಲಿ ಒಂದನೆಯ ವಾರ್ಡಿನಲ್ಲಿ ಹೆತ್ತ 4,010 ಮಂದಿಯಲ್ಲಿ 459 ಮಂದಿ ಸತ್ತರು. ಎರಡನೆಯದರಲ್ಲಿ 3,754 ಮಂದಿಯಲ್ಲಿ 105 ಮಂದಿ. ಡಾಕ್ಟರಾಗುವವರು ಹೆರಿಗೆ ಮಾಡಿಸಿದ ಕಡೆ ನೂರಕ್ಕೆ ಹನ್ನೊಂದಕ್ಕೂ ಹೆಚ್ಚು ಸಾವು. ಸೂಲಗಿತ್ತಿಯರು ಮಾಡಿಸಿದ ಕಡೆ ನೂರಕ್ಕೆ ಮೂರಕ್ಕಿಂತ ಕಡಿಮೆ. ಅದಕ್ಕೆ ಹಿಂದಿನ ಐದು ವರ್ಷಗಳ ಲೆಕ್ಕವೂ ಹೆಚ್ಚು ಕಡಿಮೆ ಇದೇ ಬಗೆಯದು.

ಆ ರೋಗದ ಹೆಸರು ಬಾಣಂತಿ ಜ್ವರ. ನಮ್ಮ ಕಡೆ ಹಳಬರು ಬಾಣಂತಿ ಸನ್ನಿ ಎನ್ನುತ್ತಿದ್ದುದರಲ್ಲಿ ಬಹುಪಾಲು ಇದೇ ಇದ್ದಿರಬೇಕು. ಹೆರಿಗೆಯಾದ ಎರಡು ಮೂರು ದಿನಕ್ಕೆ ಚಳಿ, ಸುಡುವ ಜ್ವರ, ಕಿಬ್ಬೊಟ್ಟೆಯಲ್ಲಿ ತಡೆಯಲಾರದ ನೋವು, ಹೊಟ್ಟೆಯುಬ್ಬರ, ಕಡೆಗೆ ಬಡಬಡಿಕೆ, ಸಾವು. ಮಾಸು ಕಳಚಿದ ಜಾಗದಲ್ಲಿ ಗರ್ಭಕೋಶದ ಒಳಮೈ ಹಸಿಗಾಯದಂತಿರುತ್ತದೆ. ಮುಚ್ಚಿರಬೇಕಾದ ಅದರ ಬಾಯಿ ತೆರೆದಿರುತ್ತದೆ. ಆ ದಾರಿಯಲ್ಲಿ ರೋಗಾಣು ಒಳಹೊಕ್ಕರೆ ಗರ್ಭಕೋಶದಿಂದ ಹೊಟ್ಟೆಗೂ ಅಲ್ಲಿಂದ ರಕ್ತಕ್ಕೂ ಹರಡುವುದಕ್ಕೆ ಬಹಳ ಹೊತ್ತು ಬೇಡ. ಇದು ಇಂದಿನ ತಿಳಿವು. ಅಂದಿನ ಪಂಡಿತರು ಗಾಳಿಯ ದೋಷವೆಂದರು, ನೆಲದ ದೋಷವೆಂದರು, ಎದೆಹಾಲು ಕೆಟ್ಟಿತೆಂದರು, ಮದುವೆಯಿಲ್ಲದವಳ ಭಯವೂ ಲಜ್ಜೆಯೂ ಜ್ವರವಾಗುತ್ತದೆಂದರು. ಗಾಳಿಯ ದೋಷವೇ ಆಗಿದ್ದರೆ ಒಂದು ವಾರ್ಡಿಗೆ ಬೀಸಿದ ಗಾಳಿ ಪಕ್ಕದ ವಾರ್ಡಿಗೆ ಏಕೆ ಬೀಸಲಿಲ್ಲ? ಸೆಮ್ಮೆಲ್‌ವೈಸ್ ಕೇಳಿದ ಮೊದಲ ಪ್ರಶ್ನೆ ಇದು.

ಗುಟ್ಟನ್ನು ಹೆಂಗಸರು ಮೊದಲೇ ಅರ್ಧ ಕಂಡುಕೊಂಡಿದ್ದರು. ಇಂದು ಒಂದನೆಯ ವಾರ್ಡಿನ ಸರದಿಯೆಂದು ತಿಳಿದೊಡನೆ ಕೈಮುಗಿದು, ಮೊಣಕಾಲೂರಿ, ಅಲ್ಲಿಗೆ ಸೇರಿಸಬೇಡಿರೆಂದು ಬೇಡಿಕೊಳ್ಳುತ್ತಿದ್ದರು. ಕೆಲವರು ಬೇಕೆಂತಲೇ ತಡಮಾಡಿ ದಾರಿಯಲ್ಲಿ, ಗಲ್ಲಿಯಲ್ಲಿ, ಬಾಗಿಲ ಬಳಿಯಲ್ಲಿ ಹೆತ್ತು, ಆಮೇಲೆ ಒಳಗೆ ಬರುತ್ತಿದ್ದರು. ಬೀದಿಯಲ್ಲಿ ಹೆತ್ತವರಿಗೆ ಜ್ವರ ಬರುವುದು ಅಪರೂಪವಾಗಿತ್ತು. ಡಾಕ್ಟರ ಕೈಗೆ ಸಿಕ್ಕುವುದಕ್ಕಿಂತ ಬೀದಿಯೇ ಮೇಲು ಎಂದು ಆ ಬಡ ಹೆಂಗಸರು ಲೆಕ್ಕ ಹಾಕಿದ್ದರು. ಅದು ಸರಿಯಾದ ಲೆಕ್ಕ. ಆದರೆ ಅದನ್ನು ಸಾಕ್ಷ್ಯವೆಂದು ಬರೆದುಕೊಂಡವರು ಯಾರೂ ಇರಲಿಲ್ಲ, ಈ ಹೊಸ ಸಹಾಯಕನ ಹೊರತು. ಸಾಯುವವರಿಗೆ ಕೊನೆಯ ಸಂಸ್ಕಾರ ಕೊಡಲು ಬರುವ ಪಾದ್ರಿಯ ಮುಂದೆ ಗಂಟೆ ಬಾರಿಸುತ್ತ ಬರುತ್ತಿದ್ದರಂತೆ. ಆ ಸದ್ದಿಗೆ ಹೆದರಿ ಜ್ವರ ಬರುವುದೇನೋ ಎಂದು ಗಂಟೆಯನ್ನೂ ನಿಲ್ಲಿಸಿ ನೋಡಿದನು. ಎರಡನೆಯ ವಾರ್ಡಿನಲ್ಲಿ ಮಗ್ಗುಲಾಗಿ ಮಲಗಿಸಿ ಹೆರಿಸುತ್ತಾರೆಂದು ಇಲ್ಲಿಯೂ ಹಾಗೆಯೇ ಮಾಡಿಸಿದನು. ಸಾವು ಕಡಮೆಯಾಗಲಿಲ್ಲ.

1847ರ ವಸಂತದಲ್ಲಿ, ಮನಸ್ಸಿನ ಭಾರ ಕಳೆಯಲೆಂದು ವೆನಿಸ್‌ಗೆ ಪ್ರವಾಸ ಹೋಗಿ ಮಾರ್ಚ್ 20ರಂದು ಹಿಂದಿರುಗಿದಾಗ ದುಃಖದ ವಾರ್ತೆಯೊಂದು ಕಾದಿತ್ತು. ಅವನು ಗೌರವಿಸುತ್ತಿದ್ದ ಪ್ರಾಧ್ಯಾಪಕ ಕೊಲೆಚ್ಕ ಮಾರ್ಚ್ 13ರಂದು ತೀರಿಹೋಗಿದ್ದನು. ಹೆಣವನ್ನು ಕೊಯ್ದು ಪರೀಕ್ಷಿಸುವಾಗ ಶಿಷ್ಯನೊಬ್ಬನ ಚಾಕು ಅವನ ಬೆರಳಿಗೆ ಚುಚ್ಚಿತ್ತು. ಅಷ್ಟರಿಂದಲೇ ಮೈಯೆಲ್ಲ ನಂಜೇರಿತು. ಕೊಲೆಚ್ಕನ ದೇಹವನ್ನು ಪರೀಕ್ಷಿಸಿದವರ ವರದಿಯನ್ನು ಓದುತ್ತ ಹೋದಂತೆ ಸೆಮ್ಮೆಲ್‌ವೈಸನಿಗೆ ತಾನು ದಿನವೂ ನೋಡುವ ಬಾಣಂತಿಯರ ಹೆಣಗಳೇ ಕಣ್ಣಮುಂದೆ ಬಂದವು. ಅದೇ ಬಾವು, ಅದೇ ಕೀವು. ಹೆರದ ಗಂಡಸಿಗೆ ಬಾಣಂತಿ ಜ್ವರ! ಹಾಗಾದರೆ ಅದು ಹೆರಿಗೆಯ ರೋಗವಲ್ಲ. ಹೊರಗಿನಿಂದ ಒಳಹೊಕ್ಕ ನಂಜು. ಕೊಲೆಚ್ಕನಿಗೆ ಅದನ್ನು ಒಳಗೆ ಕಳಿಸಿದ್ದು ಚಾಕು. ಬಾಣಂತಿಯರಿಗೆ?

ಒಂದನೆಯ ವಾರ್ಡಿನ ವೈದ್ಯರೂ ವಿದ್ಯಾರ್ಥಿಗಳೂ ಬೆಳಿಗ್ಗೆ ಎದ್ದು ಮೊದಲು ಹೋಗುತ್ತಿದ್ದುದು ಹೆಣದ ಕೋಣೆಗೆ. ಅಲ್ಲಿಂದ ನೇರವಾಗಿ ವಾರ್ಡಿಗೆ ಬಂದು ನೋವು ತಿನ್ನುತ್ತಿರುವ ಹೆಂಗಸರನ್ನು ಕೈಹಾಕಿ ಪರೀಕ್ಷಿಸುತ್ತಿದ್ದರು. ಸೋಪು ಹಾಕಿ ತೊಳೆದರೂ ಕೈಯಲ್ಲಿ ಹೆಣದ ವಾಸನೆ ಉಳಿದಿರುತ್ತಿತ್ತು. ಸೂಲಗಿತ್ತಿಯರು ಹೆಣ ಕೊಯ್ಯುತ್ತಿರಲಿಲ್ಲ. ಬೀದಿಯಲ್ಲಿ ಹೆತ್ತವಳನ್ನು ಯಾರೂ ಪರೀಕ್ಷಿಸುತ್ತಿರಲಿಲ್ಲ. ಎಲ್ಲ ತೊಡಕೂ ಒಂದೇ ಎಳೆಗೆ ಬಿಚ್ಚಿಕೊಂಡಿತು. ಆದರೆ ಆ ಎಳೆಯ ತುದಿ ಇದ್ದದ್ದು ಅವನದೇ ಕೈಯಲ್ಲಿ. ಇತರರಿಗಿಂತ ಹೆಚ್ಚು ಶ್ರದ್ಧೆಯಿಂದ ಹೆಣ ಕೊಯ್ದು ಕಾರಣ ಹುಡುಕಿದವನು ಅವನೇ. ಆದ್ದರಿಂದ ಹೆಚ್ಚು ಜನರನ್ನು ಕೊಂದವನೂ ತಾನೇ ಆಗಿರಬೇಕೆಂಬುದನ್ನು ಅವನು ಮುಂದೆ ತನ್ನ ಪುಸ್ತಕದಲ್ಲಿ ಮರೆಮಾಚದೆ ಒಪ್ಪಿಕೊಂಡನು. ಇಂಥ ಒಪ್ಪಿಗೆ ಕೊಟ್ಟ ದೊಡ್ಡ ಮನುಷ್ಯರು ನಮ್ಮ ಇತಿಹಾಸದ ಪುಸ್ತಕಗಳಲ್ಲಿ ಎಷ್ಟು ಮಂದಿ ಸಿಕ್ಕುತ್ತಾರೆ?

1847ರ ಮೇ ತಿಂಗಳ ನಡುವಿನಲ್ಲಿ ಅವನು ವಾರ್ಡಿನ ಬಾಗಿಲಲ್ಲಿ ಕ್ಲೋರಿನ್ ನೀರಿನ ಬೋಗುಣಿಯಿರಿಸಿ, ಅದರಲ್ಲಿ ಕೈ ತೊಳೆಯದೆ ಯಾರೂ ಒಳಗೆ ಬರಕೂಡದೆಂದು ಕಟ್ಟಪ್ಪಣೆ ಮಾಡಿದನು. ಅದು ದುಬಾರಿಯಾದುದರಿಂದ ಆಮೇಲೆ ಸುಣ್ಣದ ಕ್ಲೋರೈಡನ್ನು ಬಳಸಿದನು. ನಮ್ಮ ಪಂಚಾಯಿತಿಯವರು ನೀರಿನ ತೊಟ್ಟಿಗೆ ಹಾಕುವ ಬ್ಲೀಚಿಂಗ್ ಪುಡಿಯೇ ಅದು. ರೋಗಾಣುವಿನ ವಿಚಾರ ಅವನಿಗೆ ತಿಳಿಯದು. ಹೆಣದ ವಾಸನೆಯನ್ನು ಕಳೆಯುವ ವಸ್ತು ಹೆಣದ ನಂಜನ್ನೂ ಕಳೆಯಬೇಕೆಂಬುದಷ್ಟೇ ಅವನ ತರ್ಕ. ಜೂನ್‌ನಲ್ಲಿ 268 ಹೆರಿಗೆಗೆ 6 ಸಾವು. ಜುಲೈನಲ್ಲಿ 250ಕ್ಕೆ 3. 1848ರ ಇಡೀ ವರ್ಷದಲ್ಲಿ 3,556 ಹೆರಿಗೆಗೆ 45. ಮಾರ್ಚ್ ಮತ್ತು ಆಗಸ್ಟ್ ಎರಡು ತಿಂಗಳು ಒಂದೂ ಇಲ್ಲ.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ಚಪ್ಪಾಳೆ ತಟ್ಟಿ ಮುಂದೆ ಹೋಗುತ್ತಾರೆ. ನನಗೆ ಹೆಚ್ಚು ಮುಖ್ಯವಾಗಿ ಕಂಡದ್ದು 1847ರ ಅಕ್ಟೋಬರಿನ ಒಂದು ಘಟನೆ. ವಾರ್ಡಿನ ಮೊದಲನೆಯ ಹಾಸಿಗೆಯಲ್ಲಿ ಒಬ್ಬ ಹೆಂಗಸು ಮಲಗಿದ್ದಳು. ಅವಳ ಗರ್ಭಕೋಶದಲ್ಲಿ ಕ್ಯಾನ್ಸರ್ ಹುಣ್ಣಾಗಿ, ಅದರಿಂದ ಕೆಟ್ಟ ನೀರು ಹೋಗುತ್ತಿತ್ತು. ಬಾಗಿಲಲ್ಲಿ ಕ್ಲೋರಿನ್ನಿನಿಂದ ಕೈ ತೊಳೆದು ಬಂದವರು ಮೊದಲು ಅವಳನ್ನು ಪರೀಕ್ಷಿಸಿ, ಬರಿಯ ಸೋಪಿನಿಂದ ಕೈ ತೊಳೆದುಕೊಂಡು ಮುಂದಿನ ಹಾಸಿಗೆಗಳಿಗೆ ಹೋದರು. ಆಗ ಹೆರುತ್ತಿದ್ದ ಹನ್ನೆರಡು ಮಂದಿಯಲ್ಲಿ ಹನ್ನೊಂದು ಮಂದಿ ಸತ್ತರು. ಹೆಣದ ನಂಜು ಮಾತ್ರವಲ್ಲ, ಬದುಕಿರುವವಳ ಒಳಗಿನ ಸೋಂಕೂ ಕೈಯ ಮೂಲಕ, ಸಲಕರಣೆಯ ಮೂಲಕ ತೆರೆದ ಗರ್ಭಕೋಶವನ್ನು ಸೇರಿ ಕೊಲ್ಲಬಲ್ಲುದೆಂದು ಅವನು ಅಂದು ಅರಿತನು. ಅಂದಿನಿಂದ ಒಬ್ಬೊಬ್ಬ ರೋಗಿಯನ್ನು ಮುಟ್ಟಿದ ಮೇಲೂ ಕ್ಲೋರಿನ್ನಿನಿಂದ ಕೈ ತೊಳೆಯಬೇಕೆಂಬ ನಿಯಮ ಬಂದಿತು.

ಇಲ್ಲಿ ವಿಯೆನ್ನಾವನ್ನು ಸ್ವಲ್ಪ ಹೊತ್ತು ಬಿಟ್ಟು ನಮ್ಮ ದುದ್ದದ ಕಡೆಗೆ ಬರಲು ಓದುಗರ ಅಪ್ಪಣೆ ಬೇಡುತ್ತೇನೆ. ಗರ್ಭಕೋಶದ ಬಾಯಿ ತೆರೆಯುವುದು ಹೆರಿಗೆಯಲ್ಲಿ ಮಾತ್ರವಲ್ಲ. ಗರ್ಭ ತಾನಾಗಿ ಇಳಿದಾಗಲೂ, ತೆಗೆಸಿದಾಗಲೂ ಅದು ತೆರೆಯುತ್ತದೆ, ಒಳಮೈ ಹಸಿಯಾಗುತ್ತದೆ. ಸೋಂಕು ಮೊದಲೇ ಕೆಳಗಿದ್ದರೆ, ಸಲಕರಣೆ ಹಾಕುವಾಗ ಅದು ಮೇಲಕ್ಕೆ ಹೋಗಿ ಗರ್ಭಕೋಶವನ್ನೂ ಅಂಡನಾಳಗಳನ್ನೂ ಹಿಡಿಯಬಹುದು. ನಾಳ ಕಟ್ಟಿಕೊಂಡರೆ ಮುಂದೆ ಮಕ್ಕಳಾಗದೆ ಹೋಗಬಹುದು, ಇಲ್ಲವೆ ಗರ್ಭ ನಾಳದಲ್ಲಿಯೇ ನಿಂತು ಪ್ರಾಣಕ್ಕೆ ಬರಬಹುದು. ಆದುದರಿಂದಲೇ ಇಂದು ಸಲಕರಣೆಯಿಂದ ಗರ್ಭ ತೆಗೆಯುವ ಮುನ್ನ ಎಲ್ಲರಿಗೂ ರೋಗಾಣು ನಿರೋಧಕ ಔಷಧಿಯನ್ನು ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸೋಂಕಿನ ಗುರುತು ಕಂಡರೆ ಚಿಕಿತ್ಸೆ ಮಾಡಬೇಕು. ಸಂಗದಿಂದ ಬರುವ ಸೋಂಕಾದರೆ ಗಂಡನಿಗೂ ಮಾಡಬೇಕು, ಇಲ್ಲವಾದರೆ ವಾಸಿಯಾದದ್ದು ಮತ್ತೆ ಬರುತ್ತದೆ. ಕೆಲವು ಸೋಂಕುಗಳಿಗೆ ಹೊರಗೆ ಯಾವ ಗುರುತೂ ಇರುವುದಿಲ್ಲ.

ನಮ್ಮ ಹಳ್ಳಿಗಳಲ್ಲಿ ಗುರುತು ಇದ್ದರೂ ಹೇಳುವವರಿಲ್ಲ. ಬಿಳಿ ಹೋಗುವುದೆಂದರೆ ಉಷ್ಣ. ಮೆಂತ್ಯ ನೆನೆಸಿ ಕುಡಿ, ಎಳನೀರು ಕುಡಿ, ತಲೆಗೆ ಹರಳೆಣ್ಣೆ ಹಾಕು. ಅಲ್ಲಿಗೆ ವೈದ್ಯ ಮುಗಿಯಿತು. ಬಿಳಿ ಹೋಗುವುದೆಲ್ಲ ರೋಗವಲ್ಲ ನಿಜ. ಎಲ್ಲ ಹೆಂಗಸರಿಗೂ ಸ್ವಲ್ಪ ಇರುವುದು ಸಹಜವೇ. ಆದರೆ ವಾಸನೆ, ತುರಿಕೆ, ಕಿಬ್ಬೊಟ್ಟೆಯ ನೋವು ಇದ್ದಾಗಲೂ ಉಷ್ಣವೆಂದು ತಿಂಗಳುಗಟ್ಟಲೆ ಸುಮ್ಮನಿರುವುದಕ್ಕೂ, ವಿಯೆನ್ನಾದ ಪಂಡಿತರು ಗಾಳಿಯ ದೋಷವೆಂದು ಸುಮ್ಮನಿದ್ದುದಕ್ಕೂ ಏನು ವ್ಯತ್ಯಾಸ?

ನನಗೆ ವರಸೆಯಲ್ಲಿ ಅತ್ತೆಯಾಗಬೇಕಾದವಳೊಬ್ಬಳಿದ್ದಾಳೆ. ಇಬ್ಬರು ಮಕ್ಕಳ ಮೇಲೆ ಮೂರನೆಯದು ಬೇಡವೆಂದು, ಊರಿನವರಿಗೆ ತಿಳಿಯಬಾರದೆಂದು, ಪರವಾನಗಿ ಇದೆಯೋ ಇಲ್ಲವೋ ಯಾರೂ ವಿಚಾರಿಸದ ಒಂದು ಕಡೆ ಹೊಟ್ಟೆ ತೊಳೆಸಿಕೊಂಡು ಬಂದಳು. ನಾಲ್ಕನೆಯ ದಿನಕ್ಕೆ ಚಳಿಜ್ವರ. ಗಾಳಿ ಸೋಕಿದೆಯೆಂದು ತಾಯಿತ ಕಟ್ಟಿಸಿದರು. ಆರನೆಯ ದಿನ ಪ್ರಜ್ಞೆ ತಪ್ಪುವಂತಾದಾಗ ಪಟ್ಟಣದ ಆಸ್ಪತ್ರೆಗೆ ಕರೆದೊಯ್ದರು. ಕಾಗದಪತ್ರ ಓದಿ ತುಂಬಿಸಲು ಬೇಕಾಗುತ್ತದೆಂದು ನಮ್ಮ ಮನೆಗಳಲ್ಲಿ ಕಾಲೇಜು ಕಂಡ ಒಬ್ಬಳೇ ಆದ ನನ್ನನ್ನೂ ಜೊತೆಗೆ ಕರೆದುಕೊಂಡರು. ಅಲ್ಲಿನ ಡಾಕ್ಟರಮ್ಮ ಕೇಳಿದ ಪ್ರಶ್ನೆಗಳಲ್ಲೊಂದು, ಹೊಟ್ಟೆ ತೊಳೆಸುವುದಕ್ಕೆ ಮೊದಲೇ ವಾಸನೆಯ ಬಿಳುಪು ಹೋಗುತ್ತಿತ್ತೇ ಎಂಬುದು. ಅತ್ತೆ ಒಮ್ಮೆ ತನ್ನ ಗಂಡನ ಕಡೆ, ಒಮ್ಮೆ ನನ್ನ ಕಡೆ ನೋಡಿ ಇಲ್ಲವೆಂದು ತಲೆಯಾಡಿಸಿದಳು. ಮಾವ ಚಹಾಕ್ಕೆಂದು ಹೊರಗೆ ಹೋದ ಮೇಲೆ, ಆಲೂಗಡ್ಡೆ ಬಿತ್ತನೆಯ ಕಾಲದಿಂದಲೂ ಹೋಗುತ್ತಿತ್ತೆಂದು ಪಿಸುಮಾತಿನಲ್ಲಿ ನನ್ನ ಬಳಿ ಹೇಳಿದಳು. ನಾನು ಹೋಗಿ ಡಾಕ್ಟರಮ್ಮನಿಗೆ ತಿಳಿಸಿದೆ. ಅತ್ತೆ ಒಂಬತ್ತು ದಿನ ಮಲಗಿದ್ದು ಎದ್ದು ಬಂದಳು. ಗರ್ಭ ತೆಗೆದವರು ಈ ಪ್ರಶ್ನೆಯನ್ನು ಕೇಳಿಯೇ ಇರಲಿಲ್ಲವಂತೆ.

ಅವಳಿಗೆ ತಿಳಿಯದಿದ್ದ ಇನ್ನೊಂದು ಸಂಗತಿಯನ್ನು ಇಲ್ಲಿ ಬರೆಯುವುದು ಅವಶ್ಯ. ನಮ್ಮಲ್ಲಿಯೂ ಎಷ್ಟೋ ಜನಕ್ಕೆ ಅದು ತಿಳಿದಂತಿಲ್ಲ. ಭಾರತದಲ್ಲಿ ಕದ್ದುಮುಚ್ಚಿ ಹೋಗಬೇಕಾದ ಕಾಲ ಮುಗಿದು ಬಹಳ ವರ್ಷಗಳಾದುವು. 1964ರಲ್ಲಿ ಶಾಂತಿಲಾಲ್ ಷಾ ಅವರ ಅಧ್ಯಕ್ಷತೆಯಲ್ಲಿ ಸಮಿತಿಯಾಗಿ, 1971ರಲ್ಲಿ ಗರ್ಭಪಾತದ ಕಾಯಿದೆ ಬಂದು, 1972ರ ಏಪ್ರಿಲ್‌ನಿಂದ ಜಾರಿಯಾಯಿತು. 2021ರ ತಿದ್ದುಪಡಿಯಂತೆ ಕಾಯಿದೆ ಹೇಳಿದ ಕಾರಣಗಳಿಗೆ 20 ವಾರದವರೆಗೆ ಒಬ್ಬ ಅರ್ಹ ವೈದ್ಯರ, ಕೆಲವು ಬಗೆಯ ಮಹಿಳೆಯರಿಗೆ 24 ವಾರದವರೆಗೆ ಇಬ್ಬರು ವೈದ್ಯರ ಅಭಿಪ್ರಾಯ ಸಾಕು. ಹದಿನೆಂಟು ತುಂಬಿದ ಹೆಂಗಸಿಗೆ ಅವಳ ಸ್ವಂತ ಒಪ್ಪಿಗೆಯೊಂದೇ ಸಾಕು. ಗಂಡನ ರುಜು ಬೇಕೆಂದು ಕಾಯಿದೆ ಹೇಳುವುದಿಲ್ಲ. ಅವಳ ಹೆಸರನ್ನು ಹೊರಗೆಡವುವುದೇ ಅಪರಾಧ. ಇದಾವುದೂ ಇಲ್ಲದಿದ್ದ ಕಾಲದಲ್ಲಿ ಎಕ್ಕದ ಕಡ್ಡಿಗೆ ಎಷ್ಟು ಜನ ಬಲಿಯಾದರೆಂದು ನಮ್ಮಜ್ಜಿ ಬೆರಳು ಮಡಿಸಿ ಎಣಿಸುತ್ತಿದ್ದಳು. ಹೆಸರು ಮಾತ್ರ ಹೇಳುತ್ತಿರಲಿಲ್ಲ.

ಆಸ್ಪತ್ರೆ ದೊಡ್ಡದಿದ್ದ ಮಾತ್ರಕ್ಕೆ ಕೆಲಸವಾಗುವುದೆಂದೂ ಅಲ್ಲ. ನಮ್ಮ ಬೆಳಗಾವಿಯ ದಂತವೈದ್ಯೆ ಸವಿತಾ ಹಾಲಪ್ಪನವರ್ ಐರ್ಲೆಂಡಿನ ಗಾಲ್ವೇ ನಗರದಲ್ಲಿದ್ದರು. 2012ರ ಅಕ್ಟೋಬರಿನಲ್ಲಿ, 17 ವಾರದ ಗರ್ಭ ಉಳಿಯುವುದಿಲ್ಲವೆಂದು ತಿಳಿದು, ಅದನ್ನು ತೆಗೆದುಬಿಡಿರೆಂದು ಕೇಳಿಕೊಂಡರು. ಕೂಸಿನ ಎದೆಬಡಿತ ಇನ್ನೂ ಇರುವುದರಿಂದ ದೇಶದ ಕಾನೂನು ಒಪ್ಪದೆಂದು ತೆಗೆಯಲಿಲ್ಲ. ತೆರೆದ ಗರ್ಭಕೋಶದೊಳಗೆ ಸೋಂಕು ಬೆಳೆದು ರಕ್ತಕ್ಕೇರಿತು. ಅದನ್ನು ಹೊತ್ತಿಗೆ ಸರಿಯಾಗಿ ಗುರುತಿಸಲೂ ಇಲ್ಲ. ಅಕ್ಟೋಬರ್ 28ರಂದು, 31ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಆರು ವರ್ಷದ ಮೇಲೆ, 2018ರ ಮೇ ತಿಂಗಳಲ್ಲಿ, ಆ ದೇಶದ ಜನ ಮತಹಾಕಿ ಸಂವಿಧಾನದ ಆ ನಿಷೇಧವನ್ನು ತೆಗೆದುಹಾಕಿದಾಗ ಅವರ ಭಾವಚಿತ್ರ ಡಬ್ಲಿನ್ನಿನ ಗೋಡೆಯ ಮೇಲಿತ್ತು. ಸೆಮ್ಮೆಲ್‌ವೈಸ್ ಸತ್ತು ಆಗಲೇ ನೂರೈವತ್ತು ವರ್ಷ ಕಳೆದಿತ್ತು.

ಪ್ರಕೃತಕ್ಕೆ ಬರೋಣ. ಲೆಕ್ಕ ಇಷ್ಟು ನಿಚ್ಚಳವಾಗಿದ್ದ ಮೇಲೆ ವಿಯೆನ್ನಾ ಅವನನ್ನು ಹೊತ್ತು ಮೆರೆಸಿರಬೇಕೆಂದುಕೊಳ್ಳುತ್ತೇವೆ. ಹಾಗಾಗಲಿಲ್ಲ. ಹೆಬ್ರಾ, ಶ್ಕೋಡ, ರೊಕಿಟಾನ್ಸ್ಕಿ ಮೊದಲಾದ ಕೆಲವರು ಬೆಂಬಲಕ್ಕೆ ನಿಂತರು. 1847ರ ಡಿಸೆಂಬರಿನಲ್ಲಿ ಹೆಬ್ರಾನೇ ಪತ್ರಿಕೆಯಲ್ಲಿ ಈ ವಿಷಯವನ್ನು ಪ್ರಕಟಿಸಿದನು. ಮೇಲಧಿಕಾರಿ ಕ್ಲೈನ್ ಮಾತ್ರ ಒಪ್ಪಲಿಲ್ಲ. ಕ್ಲೈನನಿಗೆ ಮೊದಲು ಅಲ್ಲಿದ್ದ ಪ್ರಾಧ್ಯಾಪಕ ಬೋಯರನು ಹೆಣ ಮುಟ್ಟಿಸದೆ ಬೊಂಬೆಯ ಮೇಲೆ ಪಾಠ ಹೇಳುತ್ತಿದ್ದನು. ಅವನ ಕಾಲದಲ್ಲಿ ಸಾವು ನೂರಕ್ಕೆ ಒಂದರ ಸುಮಾರಿನಲ್ಲಿತ್ತು. 1823ರಲ್ಲಿ ಕ್ಲೈನ್ ಬಂದು ಪಾಠದ ಕ್ರಮವನ್ನು ಬದಲಿಸಿದನು, ಸಾವು ಏರಿತು. ಸಹಾಯಕನ ಮಾತನ್ನು ಒಪ್ಪಿದರೆ ಇಪ್ಪತ್ತೈದು ವರ್ಷಗಳ ಹೆಣಗಳನ್ನು ತನ್ನ ಲೆಕ್ಕಕ್ಕೆ ಬರೆದುಕೊಳ್ಳಬೇಕು. ಯಾರಿಗೆ ಸುಲಭ? ಜರ್ಮನಿಯ ಕೀಲ್ ನಗರದಲ್ಲಿ ಮಿಖಾಯೆಲಿಸ್ ಎಂಬ ಪ್ರಸೂತಿ ವೈದ್ಯನು ಈ ಮಾತನ್ನು ನಂಬಿ, ತಾನೇ ಹೆರಿಗೆ ಮಾಡಿಸಿದ ತನ್ನ ಬಂಧುವೊಬ್ಬಳು ಬಾಣಂತಿ ಜ್ವರದಿಂದ ಸತ್ತದ್ದನ್ನು ನೆನೆದು ಕೊರಗಿ, 1848ರಲ್ಲಿ ರೈಲಿಗೆ ತಲೆಕೊಟ್ಟನು. ನಂಬದವರು ನೆಮ್ಮದಿಯಾಗಿದ್ದರು.

1849ರ ಮಾರ್ಚಿನಲ್ಲಿ ಸೆಮ್ಮೆಲ್‌ವೈಸನ ಅವಧಿ ಮುಗಿಯಿತು, ಮುಂದುವರಿಸಲಿಲ್ಲ. ಕ್ರಾಂತಿಯ ಮರುವರ್ಷ ಹಂಗೆರಿಯವನೊಬ್ಬನು ವಿಯೆನ್ನಾದಲ್ಲಿ ಯಾರಿಗೂ ಪ್ರಿಯನಾಗಿರಲಿಲ್ಲವೆಂಬುದನ್ನೂ ಮರೆಯಬಾರದು. ಉಪನ್ಯಾಸಕ ಹುದ್ದೆಗೆ ಅರ್ಜಿ ಹಾಕಿ ಕಾದು ಕಾದು, 1850ರ ಅಕ್ಟೋಬರಿನಲ್ಲಿ ಅದು ಬಂದಾಗ ಬೊಂಬೆಯ ಮೇಲೆ ಮಾತ್ರ ಪಾಠ ಹೇಳಬಹುದೆಂಬ ಷರತ್ತು ಅದರಲ್ಲಿತ್ತು. ಐದು ದಿನಗಳೊಳಗೆ, ಬೆನ್ನಿಗೆ ನಿಂತ ಸ್ನೇಹಿತರಿಗೂ ಹೇಳದೆ, ಅವನು ಪೆಸ್ಟ್ ನಗರಕ್ಕೆ ಹೊರಟುಹೋದನು. ಶ್ಕೋಡ ಇದನ್ನು ಕ್ಷಮಿಸಲಿಲ್ಲ. ನನಗೂ ಇದು ಸರಿತೋರುವುದಿಲ್ಲ. ಅವಮಾನ ದೊಡ್ಡದೇ, ಆದರೆ ಬಿಟ್ಟುಹೋದದ್ದು ಹುದ್ದೆಯನ್ನಷ್ಟೇ ಅಲ್ಲ, ಆ ವಾರ್ಡಿನ ಹೆಂಗಸರನ್ನು ಕೂಡ. ಕಂಡದ್ದನ್ನು ಒಡನೆ ಸ್ಪಷ್ಟವಾಗಿ ಬರೆದು ಪ್ರಕಟಿಸಿದ್ದರೆ ವಾದಕ್ಕೆ ಬಲ ಬರುತ್ತಿತ್ತು. ಬರೆಯಲೊಲ್ಲದ ಆ ಕೈ ಬಹಳ ವರ್ಷ ಸುಮ್ಮನಿತ್ತು.

ಪೆಸ್ಟಿನಲ್ಲಿ ಸೇಂಟ್ ರೋಕುಸ್ ಆಸ್ಪತ್ರೆಯ ಸಣ್ಣ ಹೆರಿಗೆ ವಾರ್ಡಿಗೆ 1851ರಲ್ಲಿ ಸಂಬಳವಿಲ್ಲದ ಮುಖ್ಯ ವೈದ್ಯನಾದನು. ಆರು ವರ್ಷದಲ್ಲಿ 933 ಹೆರಿಗೆ; ಬಾಣಂತಿ ಜ್ವರದಿಂದ ಸತ್ತವರು 8 ಮಂದಿ. 1855ರಲ್ಲಿ ಪೆಸ್ಟ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕನಾದನು. 1857ರಲ್ಲಿ ಮರಿಯಾ ಎಂಬವಳೊಡನೆ ಮದುವೆಯಾಯಿತು. ಐವರು ಮಕ್ಕಳಲ್ಲಿ ಇಬ್ಬರು ಎಳವೆಯಲ್ಲಿಯೇ ತೀರಿಕೊಂಡರು.

ಕಡೆಗೆ 1861ರ ಹೊತ್ತಿಗೆ ಬಾಣಂತಿ ಜ್ವರದ ಕಾರಣವನ್ನೂ ನಿವಾರಣೆಯನ್ನೂ ಕುರಿತ ಅವನ ದೊಡ್ಡ ಗ್ರಂಥ ಜರ್ಮನ್ ಭಾಷೆಯಲ್ಲಿ ಹೊರಬಂದಿತು. ಕೋಷ್ಟಕಗಳು ಹೇರಳ, ಹೇಳಿದ್ದನ್ನೇ ಹೇಳುವುದೂ, ವಿರೋಧಿಗಳನ್ನು ಜಾಲಾಡುವುದೂ ಹೇರಳ. ಯೂರೋಪಿನ ಪ್ರಸಿದ್ಧ ಪ್ರಾಧ್ಯಾಪಕರು ಅದನ್ನು ಬದಿಗೆ ಸರಿಸಿದರು. ಆಗ ಅವನು ಬಹಿರಂಗ ಪತ್ರಗಳನ್ನು ಅಚ್ಚುಹಾಕಿಸಿ, ಅವರನ್ನು ಹೆಸರು ಹಿಡಿದು ಕೊಲೆಗಾರರೆಂದು ಕರೆದನು. ಮಾತು ಸುಳ್ಳಲ್ಲ, ಆದರೆ ಕೊಲೆಗಾರನೆನಿಸಿಕೊಂಡ ಮೇಲೆ ಯಾವ ಪ್ರಾಧ್ಯಾಪಕನು ಬೋಗುಣಿಯ ಬಳಿಗೆ ಬಂದಾನು?

ಬರಬರುತ್ತ ಅವನ ನಡವಳಿಕೆ ಕೆಟ್ಟಿತು. ಯಾವ ಮಾತು ಬಂದರೂ ಬಾಣಂತಿ ಜ್ವರಕ್ಕೇ ತಿರುಗಿಸುತ್ತಿದ್ದನು, ಕುಡಿತ ಹೆಚ್ಚಿತು. ಬುದ್ಧಿಭ್ರಮಣೆಗೆ ಕಾರಣವೇನೆಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. 1865ರ ಜುಲೈ ಕೊನೆಗೆ ಹೆಂಡತಿಯೂ ಸ್ನೇಹಿತರೂ ಅವನನ್ನು ವಿಯೆನ್ನಾಕ್ಕೆ ಕರೆತಂದರು. ಹೊಸ ಆಸ್ಪತ್ರೆಯೊಂದನ್ನು ತೋರಿಸುವೆನೆಂದು ನಂಬಿಸಿ ಒಳಗೆ ಕರೆದೊಯ್ದವನು ಹಳೆಯ ಮಿತ್ರ ಹೆಬ್ರಾನೇ, ಅದು ಹುಚ್ಚಾಸ್ಪತ್ರೆ. ತಪ್ಪಿಸಿಕೊಳ್ಳಲು ಹೆಣಗಿದಾಗ ಕಾವಲಿನವರು ಹಿಡಿದು ಬಡಿದರು, ಕಟ್ಟಿದರು, ಕತ್ತಲೆ ಕೋಣೆಗೆ ಹಾಕಿದರು. ಬಲಗೈಯ ಗಾಯ ಕೊಳೆತು ನಂಜೇರಿತು. ಎರಡು ವಾರ ಕಳೆದು, ಆಗಸ್ಟ್ 13ರಂದು, ಅವನು ಸತ್ತನು, ವಯಸ್ಸು 47. ಹೆಣವನ್ನು ಪರೀಕ್ಷೆಗೆ ಒಯ್ದದ್ದು ಅವನು ದುಡಿದ ಅದೇ ದೊಡ್ಡಾಸ್ಪತ್ರೆಗೆ. ಒಳಗೆ ಕಂಡದ್ದು ಕೊಲೆಚ್ಕನಲ್ಲಿ ಕಂಡ ಅದೇ ಕೀವು. ಎರಡು ದಿನದ ಮೇಲೆ ಮಣ್ಣುಮಾಡಿದಾಗ ಬಂದವರು ಕೆಲವೇ ಮಂದಿ.

ಅವನು ಸಾಯುವ ಹಿಂದಿನ ದಿನ, ಆಗಸ್ಟ್ 12ರಂದು, ಗ್ಲಾಸ್ಗೋ ನಗರದಲ್ಲಿ ಲಿಸ್ಟರನೆಂಬ ಶಸ್ತ್ರವೈದ್ಯನು ಹುಡುಗನೊಬ್ಬನ ಕಾಲಿನ ಗಾಯಕ್ಕೆ ಕಾರ್ಬಾಲಿಕ್ ಆಮ್ಲದ ಪಟ್ಟಿ ಕಟ್ಟಿದನು. ನಂಜಿಲ್ಲದ ಶಸ್ತ್ರಚಿಕಿತ್ಸೆ ಅಲ್ಲಿಂದ ಬೆಳೆಯಿತು. 1879ರಲ್ಲಿ ಪ್ಯಾರಿಸ್ಸಿನ ಸಭೆಯೊಂದರಲ್ಲಿ ಪಾಶ್ಚರನು ಬಾಣಂತಿ ಜ್ವರದ ರೋಗಾಣುವನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದನು. ಮಣಿಸರದಂತೆ ಸಾಲುಗಟ್ಟಿದ ಸಣ್ಣ ಚುಕ್ಕೆಗಳು. ಸೆಮ್ಮೆಲ್‌ವೈಸನ ಅಸ್ಥಿಗಳು ಮುಂದೆ ಬುಡಾಪೆಸ್ಟಿಗೆ ಬಂದವು. ಅವನು ಹುಟ್ಟಿದ ಮನೆಯೇ ವೈದ್ಯಚರಿತ್ರೆಯ ವಸ್ತುಸಂಗ್ರಹಾಲಯವಾಗಿದೆ. ಅಲ್ಲಿನ ವೈದ್ಯ ವಿಶ್ವವಿದ್ಯಾನಿಲಯಕ್ಕೆ 1969ರಿಂದ ಅವನ ಹೆಸರಿದೆ.

ಇದೆಲ್ಲ ಆಮೇಲಿನ ಮಾತು. ಅವನನ್ನು ವಿಯೆನ್ನಾಕ್ಕೆ ಸಾಗಿಸಿದ ಮೇಲೆ ಪೆಸ್ಟಿನ ಹೆರಿಗೆ ವಾರ್ಡಿಗೆ ಹೊಸ ಪ್ರಾಧ್ಯಾಪಕನು ಬಂದನು. ಬೋಗುಣಿಯ ನಿಯಮ ಸಡಿಲವಾಯಿತು. ಸಾವು ಹಿಂದಿನದರ ಹಲವು ಪಟ್ಟು ಏರಿತು. ಊರಿನಲ್ಲಿ ವೈದ್ಯರಿದ್ದರು, ಪತ್ರಿಕೆಗಳಿದ್ದವು. ಕಾರಣವೇನೆಂದು ಯಾರೂ ಕೇಳಲಿಲ್ಲ.